ಅಚ್ಚಿನ ಮೊಳೆ ಯಾರ ಕೈಯಾಗ ಇತ್ತು?

ಐಹೊಳೆಯ ಮೇಗುತಿ ಗುಡ್ಡ ಹತ್ತಿದವರಿಗೆ ಗೊತ್ತು, ಅಲ್ಲಿಯ ಜಿನಾಲಯದ ಗೋಡೆಯಲ್ಲಿ ಒಂದು ಶಾಸನವಿದೆ. ಕ್ರಿ.ಶ. 634ರದು. ಬರೆದವನು ರವಿಕೀರ್ತಿ. ಇಮ್ಮಡಿ ಪುಲಿಕೇಶಿಯ ದಂಡಯಾತ್ರೆಗಳನ್ನು ಸಂಸ್ಕೃತದಲ್ಲಿ ಹೊಗಳಿ, ಕೊನೆಗೆ ತನ್ನನ್ನು ತಾನೇ ಕಾಳಿದಾಸ, ಭಾರವಿಯರ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಬಾದಾಮಿಯ ದಾರಿ. ಅಲ್ಲಿ ಮೂರನೆಯ ಗುಹೆಯಲ್ಲಿ 578ರಲ್ಲಿ ಮಂಗಲೇಶ ಬರೆಯಿಸಿದ ಶಾಸನ. ಅದೇ ಊರಿನ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ತ್ರಿಪದಿಗಳು. ನಮ್ಮ ಸೀಮೆಯಲ್ಲಿ ಬರಹ ಅನ್ನೋದು ಕಡಿಮೆ ಅಂದರೂ ಸಾವಿರದ ನಾನೂರು ವರ್ಷಗಳಿಂದ ಬಿಸಿಲಿಗೆ ಬಿದ್ದುಕೊಂಡಿದೆ.

ಆದರೆ ಗೆಳೆಯರೆ, ಒಂದು ಪ್ರಶ್ನೆ ಕೇಳಿಕೊಳ್ಳೋಣ. ರವಿಕೀರ್ತಿಗೆ ಪ್ರಕಾಶಕ ಯಾರು? ರಾಜ. ಕಾಗದ ಯಾವುದು? ಗುಡ್ಡದ ಕಲ್ಲು. ಆ ಕಲ್ಲನ್ನು ಗುಡ್ಡದಿಂದ ಬಿಡಿಸಿ, ಹೊತ್ತು, ನಯ ಮಾಡಿದವರು ಯಾವ ಕೇರಿಯವರು? ಶಾಸನ ಅದನ್ನು ಹೇಳುವುದಿಲ್ಲ. ಚರಿತ್ರೆಯ ಪುಸ್ತಕಗಳು ಬರೆದವನನ್ನು ನೆನೆಯುತ್ತವೆ, ಬರೆಯಿಸಿದವನನ್ನು ಇನ್ನಷ್ಟು ನೆನೆಯುತ್ತವೆ. ಅಕ್ಷರ ಮೂಡಿಸುವ ಸಾಧನ ಯಾರ ಕೈಯಲ್ಲಿ ಇತ್ತು, ಅದರ ಬಾಗಿಲಲ್ಲಿ ಯಾರು ನಿಂತು ಕಾಯಬೇಕಾಯಿತು ಎಂಬ ಮಾತು ಮಾತ್ರ ಬರುವುದಿಲ್ಲ. ಸಾಹಿತ್ಯ ಚರಿತ್ರೆ ಅಂದರೆ ಕವಿಗಳ ಚರಿತ್ರೆ ಮಾತ್ರ ಅಲ್ಲ. ಅಚ್ಚಿನ ಮನೆಯ ಚರಿತ್ರೆಯೂ ಹೌದು. ಅದರಲ್ಲೂ ಸಣ್ಣ ಅಚ್ಚಿನ ಮನೆಯ ಚರಿತ್ರೆ. ಯಾಕಂದರೆ ಹೊಸಬನಿಗೆ, ಅದರಲ್ಲೂ ಕೇರಿಯಿಂದ ಬಂದ ಹೊಸಬನಿಗೆ, ದೊಡ್ಡ ಬಾಗಿಲು ತೆರೆದದ್ದು ಕಡಿಮೆ.

*

ಕಲ್ಲಿನ ನಂತರ ಓಲೆಗರಿ. ಹನ್ನೆರಡನೆಯ ಶತಮಾನದ ಶರಣರ ಮಾತು ಓಲೆಗರಿಗೆ ಬಿತ್ತು. ಹುನಗುಂದ ತಾಲೂಕಿನ ಕೂಡಲಸಂಗಮದ ಹೆಸರನ್ನು ಅಂಕಿತ ಮಾಡಿಕೊಂಡ ಬಸವಣ್ಣನ ಮಾತಿನ ಜೊತೆಗೇ ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಉರಿಲಿಂಗಪೆದ್ದಿ, ಕಾಳವ್ವೆಯರ ಮಾತೂ ಆ ಕಟ್ಟುಗಳಲ್ಲಿ ಸೇರಿಕೊಂಡಿತು. ಚೆನ್ನಯ್ಯನ ಅಂಕಿತದಲ್ಲೇ ಚರ್ಮದ ಕೆಲಸದ ಉಳಿ, ಕತ್ತಿ ಅದಾವ. ಆದರೆ ಆ ಗರಿಗಳು ಚೆನ್ನಯ್ಯನ ಕೇರಿಯಲ್ಲಿ ಉಳಿಯಲಿಲ್ಲ. ಮಠಗಳಲ್ಲಿ, ಉಳ್ಳವರ ಮನೆಯ ಜಗಲಿಯ ಮೇಲೆ, ಕೆಂಪು ಬಟ್ಟೆಯಲ್ಲಿ ಕಟ್ಟಿಸಿಕೊಂಡು ಪೂಜೆ ಮಾಡಿಸಿಕೊಳ್ಳುತ್ತಾ ಕೂತವು. ಓದುವವರಿಲ್ಲ, ವಿಭೂತಿ ಹಚ್ಚುವವರಿದ್ದರು. ಮಾದರ ಮಾತು ಇನ್ನೊಬ್ಬರ ಮನೆಯ ಗಂಟಿನಲ್ಲಿ ಏಳುನೂರು ವರ್ಷ ಮಲಗಿತ್ತು.

ಆ ಗಂಟು ಬಿಚ್ಚಿದವರು ಫ.ಗು. ಹಳಕಟ್ಟಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ತಂದೆ ಗುರುಬಸಪ್ಪ ಶಿಕ್ಷಕರು, ಬರಹಗಾರರು. ಮುಂಬಯಿಯಲ್ಲಿ ಓದಿ, 1904ರಲ್ಲಿ ವಿಜಾಪುರಕ್ಕೆ ಬಂದು ವಕೀಲಿ ಹಿಡಿದರು. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಎಲ್ಲಾ ಅದೇ ಜಿಲ್ಲೆ. ಬಾಗಲಕೋಟೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ನೇಕಾರರ ಊರಾದ ರಬಕವಿ-ಬನಹಟ್ಟಿಯ ಮನೆಗಳಲ್ಲಿ ಓಲೆಗರಿಯ ಕಟ್ಟುಗಳನ್ನು ಕಂಡ ಮೇಲೆ ವಕೀಲರಿಗೆ ಕೋರ್ಟಿನ ಕಾಗದಕ್ಕಿಂತ ಈ ಗರಿಗಳೇ ಹೆಚ್ಚಾದವು. ಊರೂರು ತಿರುಗಿ ಕೂಡಿಸಿದರು. ಅದಕ್ಕೆ ಮೊದಲು ಸುಮಾರು 50 ವಚನಕಾರರ ಹೆಸರು ಮಾತ್ರ ತಿಳಿದಿತ್ತು, ಅವರ ಹುಡುಕಾಟದಿಂದ ಅದು 250ರ ಹತ್ತಿರ ಬಂತು ಎಂದು ಬಲ್ಲವರು ಲೆಕ್ಕ ಹೇಳುತ್ತಾರೆ.

ಇಲ್ಲಿಂದ ಒಬ್ಬ ಹೊಸ ಗ್ರಂಥಕರ್ತನ ಪಾಡು ಸುರುವಾಗುತ್ತದೆ. ಹಸ್ತಪ್ರತಿ ತಯಾರಾಯಿತು. ಅಚ್ಚು ಹಾಕುವವರು ಯಾರು? ಕನ್ನಡದ ಅಚ್ಚಿಗೆ ಆಗ ದೊಡ್ಡ ಹೆಸರು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ. ಅಲ್ಲಿಗೆ ಕಳಿಸಿದರು. ಹಸ್ತಪ್ರತಿ ಹಿಂದಕ್ಕೆ ಬಂತು. ಕಾರಣದ ಬಗ್ಗೆ ಜನ ಹಲವು ಮಾತು ಆಡುತ್ತಾರೆ. ನಮಗೆ ಬೇಕಾದದ್ದು ಇಷ್ಟೇ: ದೊಡ್ಡ ಯಂತ್ರ ಇದ್ದವರು ಒಲ್ಲೆ ಅಂದರು. ಕೊನೆಗೆ ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ, 1923ರಲ್ಲಿ, ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. ಕನ್ನಡಿಗರ ಕೈಗೆ ವಚನ ಬಂದದ್ದು ಸಣ್ಣ ಪ್ರೆಸ್ಸಿನ ಬಾಗಿಲಿನಿಂದ.

ಒಂದು ಪುಸ್ತಕಕ್ಕೇ ಇಷ್ಟು ತ್ರಾಸಾದರೆ ಉಳಿದ ನೂರಾರು ಕಟ್ಟುಗಳ ಗತಿ ಏನು? ಹಳಕಟ್ಟಿಯವರು ಒಂದು ನಿರ್ಧಾರಕ್ಕೆ ಬಂದರು. ಇದ್ದ ಮನೆ ಮಾರಿದರು. 1925ರಲ್ಲಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ. 1926ರಲ್ಲೇ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಗಿರಿಯೂ ಬಂತು. ಶಾಲು, ಹಾರ ಹಾಕಿಸಿಕೊಂಡು ಬಂದವರು ತಿರುಗಿ ಕೂತದ್ದು ಕರಡು ತಿದ್ದುವುದಕ್ಕೆ. ಮನೆ ಮಾರಿ ಮೊಳೆ ಕೊಂಡ ಮನುಷ್ಯ ಬಾಡಿಗೆ ಮನೆಯಲ್ಲೇ ಬಾಳಿದರು, 1964ರಲ್ಲಿ ತೀರಿಕೊಂಡರು. ಇದು ಹೊಗಳಿಕೆಗೆ ಹೇಳುತ್ತಿಲ್ಲ. ಸಣ್ಣ ಪ್ರಕಾಶನ ಅಂದರೆ ಏನು ಅಂತ ಲೆಕ್ಕ ತೋರಿಸುತ್ತಿದ್ದೇನೆ. ಅದರ ಬಂಡವಾಳ ಯಾರದೋ ಮನೆ, ಯಾರದೋ ಹೆಂಡತಿಯ ಕೊರಳಿನದು, ಯಾರದೋ ಪಗಾರ.

ಅವರಿಗಿಂತ ಮುಂಚೆಯೂ ಈ ಹಾದಿ ತುಳಿದವರಿದ್ದರು. ಬಾಗಲಕೋಟೆಯ ವಕೀಲ ಕೆರೂರ ವಾಸುದೇವಾಚಾರ್ಯರು 1908ರಲ್ಲಿ ‘ಇಂದಿರಾ’ ಕಾದಂಬರಿ ತಂದರು, ‘ಸಚಿತ್ರ ಭಾರತ’, ‘ಶುಭೋದಯ’ ಪತ್ರಿಕೆಗಳನ್ನು ನಡೆಸಿದರು. ಹಾವೇರಿ ಕಡೆಯ ಗಳಗನಾಥರು ತಮ್ಮ ಪುಸ್ತಕದ ಗಂಟನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ಮಾರಿದರು. 1933ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಮೊದಲು ಕೂಡಿಸಿ ಆಮೇಲೆ ಪುಸ್ತಕ ಅಚ್ಚು ಹಾಕುವ ದಾರಿ ಹಿಡಿಯಿತು. ಇವರೆಲ್ಲ ದೊಡ್ಡವರು. ಆದರೆ ಓದು-ಬರಹ ಮನೆಯಲ್ಲೇ ಇದ್ದ ಜಾತಿಗಳಿಂದ ಬಂದವರು. ಅವರಿಗೆ ದುಡ್ಡಿನ ತೊಂದರೆ ಇತ್ತು. ನೆರಳಿನ ತೊಂದರೆ ಇರಲಿಲ್ಲ.

*

ನೆರಳಿನ ತೊಂದರೆ ಇದ್ದವರು ಏನು ಮಾಡಿದರು? ಅದಕ್ಕೆ ಕೃಷ್ಣೆಯ ಆಚೆಗೆ ನೋಡಬೇಕು. ವಿಜಾಪುರ ಜಿಲ್ಲೆ 1956ರ ತನಕ ಮುಂಬಯಿ ರಾಜ್ಯದ್ದೇ. ಆ ಚರಿತ್ರೆ ನಮ್ಮದೂ ಹೌದು. 1920ರ ಜನವರಿ 31ಕ್ಕೆ ಬಾಬಾಸಾಹೇಬರು ‘ಮೂಕನಾಯಕ’ ಸುರು ಮಾಡಿದರು. ಕೊಲ್ಲಾಪುರದ ಶಾಹೂ ಮಹಾರಾಜರು ಹಣದ ಸಹಾಯ ಮಾಡಿದರು. ಇಂಥಾದ್ದೊಂದು ಪತ್ರಿಕೆ ಬರುತ್ತದೆ ಎಂಬ ಜಾಹೀರಾತನ್ನು, ದುಡ್ಡು ಕೊಡುತ್ತೇವೆ ಅಂದರೂ, ‘ಕೇಸರಿ’ ಹಾಕಲಿಲ್ಲ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಅಧ್ಯಕ್ಷ ಭಾಷಣಕ್ಕೆ ಕರೆದರು. ಭಾಷಣದ ಬರಹ ನೋಡಿ ಗಾಬರಿಯಾದರು. ಇದನ್ನು ತೆಗೆಯಿರಿ, ಅದನ್ನು ತಿದ್ದಿರಿ ಅಂದರು. ಬಾಬಾಸಾಹೇಬರು ಒಂದು ಅಲ್ಪವಿರಾಮವನ್ನೂ ಬದಲಿಸಲಿಕ್ಕೆ ಒಪ್ಪಲಿಲ್ಲ. ಸಭೆ ರದ್ದಾಯಿತು. ಅವರು ತಮ್ಮ ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಎರಡು ತಿಂಗಳಲ್ಲಿ ಮುಗಿದುಹೋದವು. ಅದೇ ‘ಜಾತಿ ವಿನಾಶ’. ಇವತ್ತು ಲೋಕದ ಎಷ್ಟೋ ಭಾಷೆಗಳಲ್ಲಿ ಓದುವ ಆ ಪುಸ್ತಕ, ಹುಟ್ಟಿದ್ದು ತಿರಸ್ಕಾರಗೊಂಡ ಭಾಷಣವಾಗಿ, ಬರೆದವನ ಕಿಸೆಯ ದುಡ್ಡಿನಿಂದ.

ಮುಂದೆ ಇದೇ ದಾರಿಯಲ್ಲಿ ನಮ್ಮವರೂ ನಡೆದರು. 1973ರ ನವೆಂಬರದಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ನಾಡು ಹೊತ್ತಿಕೊಂಡಿತು, ಹಾಸ್ಟೆಲಿನ ದಲಿತ ಹುಡುಗರಿಗೆ ಏಟು ಬಿದ್ದವು, ಮಂತ್ರಿಗಳು ಕುರ್ಚಿ ಬಿಟ್ಟರು. ಆ ಏಟು ತಿಂದ ತಲೆಮಾರಿನಿಂದಲೇ ಚಳುವಳಿ ಎದ್ದಿತು. ಅದೇ 1973ರಲ್ಲಿ ದೇವನೂರ ಮಹಾದೇವರ ‘ದ್ಯಾವನೂರು’, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆ ಮಾದಿಗರ ಹಾಡು’. ಧಾರವಾಡದಲ್ಲಿ 1964ರಿಂದ ‘ಸಂಕ್ರಮಣ’, ಮೈಸೂರಿನಲ್ಲಿ ‘ಪಂಚಮ’, ಬೆಂಗಳೂರಿನಲ್ಲಿ ‘ಶೂದ್ರ’. 1979ರ ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಗೋಷ್ಠಿ ಬೇಕು ಅಂದಾಗ ಸಾಹಿತ್ಯದಲ್ಲಿ ಅಂಥಾ ಭೇದ ಇಲ್ಲ ಎಂಬ ಉತ್ತರ ಬಂತು. ಊರಲ್ಲಿ ಬಾವಿ ಬೇರೆ, ಸುಡುಗಾಡು ಬೇರೆ. ಸಾಹಿತ್ಯದಲ್ಲಿ ಮಾತ್ರ ಭೇದ ಇಲ್ಲ! ಅದೇ ವರ್ಷದ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕೂಡಿತು. ಈ ಎಲ್ಲಾ ಗದ್ದಲಕ್ಕೆ ಆಧಾರವಾಗಿ ನಿಂತದ್ದು ಸಣ್ಣ ಪತ್ರಿಕೆ, ಸಣ್ಣ ಪ್ರೆಸ್ಸು, ಚಂದಾದಾರರ ಪಟ್ಟಿ ಬರೆದ ಒಂದು ನೋಟುಬುಕ್ಕು.

*

ಇನ್ನು ನನ್ನ ಮಾತು. ಚರಿತ್ರೆಯ ಲೇಖನದಲ್ಲಿ ತನ್ನ ಕಥೆ ಯಾಕೆ ಅಂತ ಕೇಳಬಹುದು. ನಮ್ಮಂಥವರ ಚರಿತ್ರೆಗೆ ದಾಖಲೆ ಅಂದರೆ ನಮ್ಮ ಮೈಯೇ.

ನಾನು ಹುನಗುಂದ ತಾಲೂಕಿನ ಒಂದು ಹಳ್ಳಿಯ ಮಾದರ ಕೇರಿಯವನು. ಪ್ರಾಥಮಿಕ ಶಾಲೆಯ ಮಾಸ್ತರ. ಎಂಬತ್ತರ ದಶಕದಲ್ಲಿ ನನ್ನ ಮೊದಲ ಕವನ ಸಂಕಲನ ಬಾಗಲಕೋಟೆಯ ಒಂದು ಓಣಿಯಲ್ಲಿ ಅಚ್ಚಾಯಿತು. ಪ್ರಕಾಶಕರ ಹೆಸರು ಬರೆಯುವುದಿಲ್ಲ. ಅವರು ಕೆಟ್ಟವರಲ್ಲ, ಅದು ಮುಂದೆ ನಿಮಗೇ ತಿಳಿಯುತ್ತದೆ. ಒಂದು ಕೋಣೆ, ಒಂದು ಟ್ರೆಡಲ್ ಮಷೀನು, ಮೊಳೆಯ ಖಾನೆಗಳು, ಇಬ್ಬರು ಆಳು. ಹಗಲೆಲ್ಲಾ ಲಗ್ನಪತ್ರಿಕೆ, ಪಾವತಿ ಪುಸ್ತಕ, ಜಾತ್ರೆಯ ಹಾಂಡಬಿಲ್ಲು. ಅವೆಲ್ಲಾ ಮುಗಿದ ಮೇಲೆ ಸಾಹಿತ್ಯ.

ಲೆಕ್ಕ ಹೀಗಿತ್ತು. 64 ಪುಟ, ಕ್ರೌನ್ ಎಂಟನೆಯ ಒಂದು ಆಕಾರ. ಡಬಲ್ ಕ್ರೌನ್ ಹಾಳೆ ಒಂದಕ್ಕೆ 32 ಪುಟ ಬರುತ್ತವೆ. ಪುಸ್ತಕಕ್ಕೆ ಎರಡು ಹಾಳೆ. 500 ಪ್ರತಿಗೆ ಸಾವಿರ ಹಾಳೆ, ಅಂದರೆ ಎರಡು ರೀಮು, ಕೆಡುವುದಕ್ಕೆ ಇನ್ನೊಂದಿಷ್ಟು. ಕಾಗದದ ರೊಕ್ಕ ನಾನು ಕೊಡಬೇಕು, ಕೆಲಸ ಅವರದು. ಗೌರವಧನದ ಬದಲಿಗೆ ನನಗೆ 100 ಪ್ರತಿ. ಎರಡು ತಿಂಗಳ ಪಗಾರ ಅಲ್ಲಿಗೆ ಹೋಯಿತು.

ಶನಿವಾರ ಮುಂಜಾನೆ ಸಾಲಿ ಬಿಟ್ಟ ಕೂಡಲೆ ಬಸ್ಸು ಹತ್ತಿ ಕರಡು ನೋಡಲಿಕ್ಕೆ ಹೋಗುತ್ತಿದ್ದೆ. ಮೊದಲನೇ ಕರಡು ಕೈಗೆ ಬಂದಾಗ ಒದ್ದೆ ಮಸಿಯ ವಾಸನೆಗೆ ಕಣ್ಣಲ್ಲಿ ನೀರು ಬಂತು. ಓದುತ್ತಾ ಹೋದಂತೆ ಆ ನೀರು ಆರಿತು. ನಾನು ‘ಬರತೀನಿ’ ಅಂತ ಬರೆದದ್ದು ‘ಬರುತ್ತೇನೆ’ ಆಗಿತ್ತು. ‘ಐತಿ’ ಎಲ್ಲಾ ‘ಇದೆ’ ಆಗಿತ್ತು. ಅವ್ವ ‘ಅಮ್ಮ’ ಆಗಿದ್ದಳು. ಪ್ರಕಾಶಕರನ್ನು ಕೇಳಿದೆ. “ಮಾಸ್ತರ, ಪುಸ್ತಕ ಅಂದ್ರ ಪುಸ್ತಕದ ಹಂಗ ಇರಬೇಕಲ್ರಿ. ನಾಕು ಮಂದಿ ಓದೂದು. ಶುದ್ಧ ಮಾಡೀನಿ, ತಪ್ಪು ತಿಳಿಬ್ಯಾಡ್ರಿ” ಅಂದರು. ಶುದ್ಧ! ಆ ಶಬ್ದ ನಮ್ಮ ಕೇರಿಗೆ ಹೊಸದಲ್ಲ. ಯಾರೋ ನಮ್ಮನ್ನು ಮುಟ್ಟಿದ ಮೇಲೆ ನೀರು ಚಿಮುಕಿಸಿಕೊಂಡು ಮಾಡಿಕೊಳ್ಳುವುದು ಅದನ್ನೇ.

ಆಗ ಬಾಯಿ ಹಾಕಿದವನು ಮೊಳೆ ಜೋಡಿಸುವ ಹುಡುಗ. ಇಳಕಲ್ಲಿನ ನೇಕಾರರ ಪೈಕಿ. ಮಗ್ಗದ ಕೆಲಸ ಕಡಿಮೆಯಾಗಿ ಪ್ರೆಸ್ಸಿಗೆ ಬಂದಿದ್ದ. “ಯಜಮಾನ್ರ, ಮಾಸ್ತರ ಬರದಾಂಗ ಇರಲಿ ಬಿಡ್ರಿ. ಅವರ ಮಾತು ಜೋಡಸಾಕ ಹಗುರ. ಒತ್ತು ಕಡಿಮಿ ಬೀಳತಾವ. ನಮ್ಮ ಖಾನ್ಯಾಗ ‘ತ’ದ ಒತ್ತು ಮೊದಲ ಸಾಲೂದಿಲ್ಲ” ಅಂದ. ಎಲ್ಲರೂ ನಕ್ಕೆವು. ಆದರೆ ನೋಡಿರಿ, ಅದು ಸತ್ಯ. ‘ಬರುತ್ತೇನೆ’ಗೆ ಒತ್ತಿನ ಮೊಳೆ ಬೇರೆ ಹುಡುಕಬೇಕು, ‘ಬರತೀನಿ’ಗೆ ಬೇಡ. ಪಂಡಿತರು ನೂರು ವರ್ಷ ವಾದ ಮಾಡಿದ್ದನ್ನು ಸೀಸದ ಮೊಳೆ ಒಂದೇ ಮಾತಿನಲ್ಲಿ ಮುಗಿಸಿತು. ನಮ್ಮ ಮಾತು ಪುಸ್ತಕದಲ್ಲಿ ಉಳಿಯಿತು.

ಉಳಿಯದೇ ಹೋದದ್ದು ಒಂದಿತ್ತು: ಪುಸ್ತಕದ ಹೆಸರು. ನಾನು ಇಟ್ಟ ಹೆಸರಿನಲ್ಲಿ ನಮ್ಮ ಕೇರಿಯ ಹೆಸರಿತ್ತು. ಪ್ರಕಾಶಕರು ಮುಖ ಸಣ್ಣ ಮಾಡಿ ಹೇಳಿದರು, “ಗ್ರಂಥಾಲಯದವರು ತಗೊಂಡರ ಮಾತ್ರ ನನ್ನ ಅಸಲು ಬರತೈತಿ. ಈ ಹೆಸರು ಇದ್ದರ ಯಾರ ಕೈಯಾಗ ಹಿಡಕೊಂಡು ಹೋಗಲಿ?” 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯದೆ ಬಂದ ಮೇಲೆ ಸರಕಾರದ ಖರೀದಿಯೇ ಸಣ್ಣ ಪ್ರಕಾಶಕರ ಉಸಿರು. ಅವರ ಹೆದರಿಕೆ ಹೊಟ್ಟೆಯದು. ನನಗೆ ಪುಸ್ತಕ ನೋಡುವ ಆಸೆ. ಒಪ್ಪಿಬಿಟ್ಟೆ. ಹೂವಿನ ಹೆಸರೊಂದು ಮುಖಪುಟಕ್ಕೆ ಬಂತು.

ಪುಸ್ತಕ ಹೊತ್ತುಕೊಂಡು ಊರಿಗೆ ಹೋದೆ. ಅವ್ವನಿಗೆ ಓದು ಬರುವುದಿಲ್ಲ. ಮುಖಪುಟದ ಮೇಲೆ ಕೈಯಾಡಿಸಿದಳು. “ಯಪ್ಪಾ, ಇದರಾಗ ನಮ್ಮ ಕೇರಿ ಹೆಸರ ಐತೇನು?” ಅಂದಳು. ಒಳಗೆ ಐತಿ, ಮ್ಯಾಲೆ ಇಲ್ಲ ಅಂದೆ. “ಹೂಂ. ಊರಾಗೂ ಹಂಗ ಅಲ್ಲೇನು? ನಾವು ಮಾಡಿದ ಕೆಲಸ ಒಳಗ ಇರತೈತಿ, ಹೆಸರ ಮ್ಯಾಲ ಇರಾಂಗಿಲ್ಲ” ಅಂದು ಪುಸ್ತಕ ತಿರುಗಿ ಕೊಟ್ಟಳು. ಬಾಬಾಸಾಹೇಬರು ಅಲ್ಪವಿರಾಮ ಬಿಡಲಿಲ್ಲ. ನಾನು ಕೇರಿಯನ್ನೇ ಬಿಟ್ಟುಕೊಟ್ಟಿದ್ದೆ.

ಆ ಪ್ರಕಾಶಕರ ಇನ್ನೊಂದು ಮುಖವನ್ನೂ ಹೇಳದಿದ್ದರೆ ನಾನು ಸುಳ್ಳುಗಾರನಾಗುತ್ತೇನೆ. ಅದೇ ಮನುಷ್ಯ ಸೈಕಲ್ಲಿನ ಹಿಂದೆ ಪುಸ್ತಕದ ಕಟ್ಟು ಬಿಗಿದು ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಗೋಣಿತಟ್ಟು ಹಾಸಿ ಕೂತರು. ಹುನಗುಂದ, ಇಳಕಲ್ಲಿನ ಸಾಲಿ ಮಾಸ್ತರರ ಮನೆಮನೆಗೆ ಹೋದರು. ನಮ್ಮ ಕೇರಿಗೂ ಬಂದು ಅವ್ವನ ಕೈಯ ನೀರು ಕುಡಿದು ಹೋದರು. ಖರೀದಿ ಆಗಲಿಲ್ಲ, ಹೂವಿನ ಹೆಸರು ಅವರನ್ನೂ ಉಳಿಸಲಿಲ್ಲ. ಆ ಪ್ರೆಸ್ಸು ಆಮೇಲೆ ಮುಚ್ಚಿತು.

*

ಇದನ್ನು ನೆನೆದಾಗೆಲ್ಲಾ ನಾನು ಹಳಕಟ್ಟಿಯವರ ಪುಸ್ತಕಕ್ಕೆ ತಿರುಗುತ್ತೇನೆ. ‘ವಚನಶಾಸ್ತ್ರಸಾರ’ದಲ್ಲಿ ವಚನಗಳನ್ನು ವಿಷಯದ ಪ್ರಕಾರ ಜೋಡಿಸಿದ್ದಾರೆ. ತತ್ವ, ಆಚಾರ, ಭಕ್ತಿ ಎಂದು ಒಂದೊಂದು ತಲೆಬರಹದ ಕೆಳಗೆ ಬೇರೆ ಬೇರೆ ಶರಣರ ವಚನ. ಧರ್ಮದ ಶಾಸ್ತ್ರ ತೋರಿಸಬೇಕು ಅನ್ನೋದು ಅವರ ಉದ್ದೇಶ. ಹಾಗೆ ಜೋಡಿಸಿದಾಗ ಧೂಳಯ್ಯನ ಮಾತು ಒಂದು ಕಡೆ, ಚೆನ್ನಯ್ಯನ ಮಾತು ಇನ್ನೊಂದು ಕಡೆ ಚೆದುರಿತು. ತತ್ವ ಕೂಡಿತು, ಚರ್ಮ ಹದ ಮಾಡಿದ ಕೈ ಕಾಣದಾಯಿತು. ಮಾತು ಒಳಗೆ ಉಳಿಯಿತು, ಕೇರಿ ಮೇಲೆ ಕಾಣಲಿಲ್ಲ. ಅವ್ವ ಹೇಳಿದ್ದೇ.

ಹಾಗಂತ ಹಳಕಟ್ಟಿಯವರನ್ನು ಬೈದು ಕೈತೊಳೆದುಕೊಳ್ಳುವುದು ಸಣ್ಣತನ. ಅವರು ಮನೆ ಮಾರದೇ ಇದ್ದಿದ್ದರೆ ಧೂಳಯ್ಯನನ್ನು ಹುಡುಕಲಿಕ್ಕೆ ನಮಗೆ ಗರಿಯೂ ಇರುತ್ತಿರಲಿಲ್ಲ; ಹುಳ ತಿಂದಿರುತ್ತಿದ್ದವು. ಸಾಲ ಒಪ್ಪಿಕೊಳ್ಳೋಣ, ಪ್ರಶ್ನೆಯನ್ನೂ ಕೇಳೋಣ. ಎರಡೂ ಒಟ್ಟಿಗೆ ಮಾಡಬಲ್ಲವನೇ ಬಂಡಾಯಗಾರ. ಇಳಕಲ್ಲಿನ ಸೀರೆ ನೋಡಿರಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಒಂದು ಕೊಂಡಿ ತಪ್ಪಿದರೆ ಸೆರಗು ಬಿಡುತ್ತದೆ. ಬರೆಯುವವ ಮತ್ತು ಅಚ್ಚು ಹಾಕುವವನ ಸಂಬಂಧವೂ ಹಂಗ. ಬಣ್ಣ ಒಂದೇ ಇರಬೇಕಿಲ್ಲ. ಕೊಂಡಿ ಗಟ್ಟಿ ಇರಬೇಕು.

ಇವತ್ತು ಆ ಓಣಿಯನ್ನು ತೋರಿಸಲಾರೆ. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು, ಜನ ನವನಗರಕ್ಕೆ ಹೋದರು. ಸೀಸದ ಮೊಳೆಗಳನ್ನು ಕರಗಿಸುವವರು ತೂಕಕ್ಕೆ ಕೊಂಡರು. ಈಗ ಕಂಪ್ಯೂಟರಿನಲ್ಲಿ ‘ತ’ದ ಒತ್ತಿಗೆ ಬರವಿಲ್ಲ. ಹುಡುಗ-ಹುಡುಗಿಯರು ಮೊಬೈಲಿನಲ್ಲೇ ಕವಿತೆ ಬರೆದು ಕಳಿಸುತ್ತಾರೆ. ಬೇಕಾದರೆ ನೂರೇ ಪ್ರತಿ ಅಚ್ಚು ಹಾಕಿಸುತ್ತಾರೆ. ಬಾಗಿಲು ಅಗಲವಾಗಿದೆ, ಸಂತೋಷ. ಆದರೆ “ಇದು ಬ್ಯಾಡ, ಇದನ್ನ ಶುದ್ಧ ಮಾಡ್ರಿ, ಈ ಹೆಸರು ತಗೀರಿ” ಎಂಬ ದನಿ ಸೀಸದ ಜೊತೆ ಕರಗಲಿಲ್ಲ. ಅದು ಮೊಳೆಯಲ್ಲಿ ಇರಲಿಲ್ಲ, ಮನಸ್ಸಿನಲ್ಲಿತ್ತು.

ಅದಕ್ಕೇ ಹಳ್ಳಿಯ ಮಾಸ್ತರರಿಗೆ, ಹಾಸ್ಟೆಲಿನ ವಿದ್ಯಾರ್ಥಿಗಳಿಗೆ ನಾಲ್ಕು ಮಾತು. ಮೊದಲ ಪುಸ್ತಕ ಸಣ್ಣ ಪ್ರಕಾಶಕರಿಗೇ ಕೊಡಿರಿ. ಅವರು ಉಳಿದರೆ ನಾಳೆಯ ಹುಡುಗನಿಗೆ ಬಾಗಿಲು ಉಳಿಯುತ್ತದೆ. ಎಷ್ಟು ಪ್ರತಿ, ಖರ್ಚು ಯಾರದು, ನಿಮಗೆಷ್ಟು ಪ್ರತಿ ಎಂಬುದನ್ನು ಗೆಳೆತನದಲ್ಲೂ ಕಾಗದದ ಮೇಲೆ ಬರೆದುಕೊಳ್ಳಿರಿ. ಕೊನೆಯ ಕರಡನ್ನು ನೀವೇ ಓದಿರಿ. ನಿಮ್ಮ ಅವ್ವನ ಮಾತು ನಿಮಗಿಂತ ಚೆನ್ನಾಗಿ ತಿದ್ದಬಲ್ಲವರು ಯಾರೂ ಇಲ್ಲ. ಪುಸ್ತಕ ಬಂದ ಮೇಲೆ ಹತ್ತು ಪ್ರತಿಯನ್ನಾದರೂ ನೀವೇ ಹೊತ್ತು ಮಾರಿರಿ. ಗಳಗನಾಥರ ತಲೆ ಸವೆಯಲಿಲ್ಲ, ನಮ್ಮದೂ ಸವೆಯುವುದಿಲ್ಲ.

ನನ್ನ ಆ ಸಂಕಲನದ ಎರಡನೆಯ ಮುದ್ರಣಕ್ಕೆ ಈಗ ಒಬ್ಬ ಹುಡುಗ ಕೇಳಿದ್ದಾನೆ. ಸಣ್ಣ ಪ್ರಕಾಶನ, ಸಣ್ಣ ದುಡ್ಡು. ಹೂವಿನ ಹೆಸರು ತೆಗೆಯಲಿಕ್ಕೆ ಹೇಳಿದ್ದೇನೆ. ಕೇರಿಯ ಹೆಸರು ಮುಖಪುಟಕ್ಕೆ ಬರುತ್ತದೆ. ನೋಡಲಿಕ್ಕೆ ಅವ್ವ ಇಲ್ಲ. ಇದ್ದಿದ್ದರೆ ಕೈಯಾಡಿಸಿ ಕೇಳುತ್ತಿದ್ದಳು. ಈ ಸಲ ಹೌದು ಅನ್ನುತ್ತಿದ್ದೆ.